ಜ್ವರಕ್ಕೆ ಅಡ್ಮಿಟ್ ಆದವರಿಗೆ ಹಾರ್ಟಿನ ಎಕೋ ಯಾಕೆ?

ಮಳೆಗಾಲ ಶುರುವಾದರೆ ಬೆಂಗಳೂರಿನಲ್ಲಿ ಕೂತ ನಮ್ಮಂಥವರಿಗೆ ಊರಿನಿಂದ ಒಂದು ಬಗೆಯ ಫೋನ್ ಬರುತ್ತದೆ. "ಮಾವನಿಗೆ ಐದು ದಿನದಿಂದ ಜ್ವರ. ಇವತ್ತು ಬಿಪಿ ಡೌನ್ ಆಯ್ತು ಅಂತ ಐಸಿಯುಗೆ ಹಾಕಿದ್ದಾರೆ. ಈಗ ಎಕೋ ಮಾಡ್ಬೇಕಂತೆ. ಹಾರ್ಟಿಗೆ ಎಂತ ಆಗಿದೆ ಮಾರಾಯ?" ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಇದು ಹೊಸ ಮಾತಲ್ಲ. ತೋಟ, ತೋಡು, ನೀರು ಇರುವ ಊರು. ಡೆಂಗ್ಯೂ, ಇಲಿಜ್ವರ ಎರಡೂ ಮಳೆಯ ಜೊತೆಗೇ ಬರುತ್ತವೆ.

ಎಕೋ ಅಂದ ಕೂಡಲೇ ಮನೆಯವರಿಗೆ ಎರಡು ಗುಮಾನಿ. ಒಂದು, ಡಾಕ್ಟ್ರು ಹಾರ್ಟಿನ ಕಾಯಿಲೆ ಏನೋ ಮುಚ್ಚಿಡ್ತಿದ್ದಾರೆ. ಎರಡು, ಬಿಲ್ ಏರಿಸ್ತಿದ್ದಾರೆ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವನು. ಆದರೆ ಈ ಪರೀಕ್ಷೆಯ ಬಗ್ಗೆ ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು: ಐಸಿಯುನಲ್ಲಿ ಎಕೋ ಮಾಡುವುದು "ಹಾರ್ಟಿನ ಕಾಯಿಲೆ ಉಂಟಾ" ಅಂತ ನೋಡಲಿಕ್ಕೆ ಮಾತ್ರ ಅಲ್ಲ. "ಮುಂದಿನ ಅರ್ಧ ಗಂಟೆಯಲ್ಲಿ ಎಂತ ಮಾಡಬೇಕು" ಅಂತ ತೀರ್ಮಾನಿಸಲಿಕ್ಕೆ.

ಬಿಪಿ ಒಂದೇ, ಕಾರಣ ನಾಲ್ಕು

ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜೆಟ್ ಸರಿಯಾಗಿ ತಿರುಗುತ್ತಿಲ್ಲ, ಪ್ರೆಶರ್ ಇಲ್ಲ. ಯಾಕೆ? ಕೆರೆಯಲ್ಲಿ ನೀರು ಇಲ್ಲದಿರಬಹುದು. ಪಂಪು ಸೋತಿರಬಹುದು. ಪೈಪಿನಲ್ಲಿ ಏನೋ ಸಿಕ್ಕಿಕೊಂಡಿರಬಹುದು. ಅಥವಾ ಎಲ್ಲ ಗೇಟ್‌ವಾಲ್ವ್ ಒಟ್ಟಿಗೆ ತೆರೆದುಕೊಂಡಿರಬಹುದು.

ದೇಹದಲ್ಲೂ ಹಾಗೆಯೇ. ತೀವ್ರವಾದ ಡೆಂಗ್ಯೂನಲ್ಲಿ ರಕ್ತದ ನೀರಿನ ಭಾಗ ರಕ್ತನಾಳದಿಂದ ಹೊರಗೆ ಸೋರುತ್ತದೆ, ಅಂದರೆ ಕೆರೆ ಬತ್ತಿದ ಹಾಗೆ. ಇಲಿಜ್ವರ ಕೆಲವರಲ್ಲಿ ಹೃದಯದ ಸ್ನಾಯುವಿಗೇ ಉರಿಯೂತ ತರಬಹುದು, ಆಗ ಪಂಪೇ ಸೋಲುತ್ತದೆ. ಕಾಲಿನಿಂದ ಹೆಪ್ಪುಗಟ್ಟಿದ ರಕ್ತ ಹೋಗಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಪೈಪ್ ಬ್ಲಾಕ್. ಸೋಂಕು ಮೈಯೆಲ್ಲ ಹರಡಿ ಸೆಪ್ಸಿಸ್ ಆದರೆ ರಕ್ತನಾಳಗಳು ಸಡಿಲವಾಗಿ ಎಲ್ಲ ವಾಲ್ವ್ ತೆರೆದಂತೆ. ನಾಲ್ಕರಲ್ಲೂ ಮಾನಿಟರ್ ಮೇಲೆ ಕಾಣುವುದು ಒಂದೇ: ಬಿಪಿ 80/50.

ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಕೆರೆ ಬತ್ತಿದವರಿಗೆ ಡ್ರಿಪ್ಸ್ ಕೊಟ್ಟರೆ ಜೀವ ಉಳಿಯುತ್ತದೆ. ಪಂಪು ಸೋತವರಿಗೆ ಅದೇ ಡ್ರಿಪ್ಸ್ ಸುರಿದರೆ ನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಹಾಗಾಗಿಯೇ ಊಹೆಯ ಮೇಲೆ ಬಿಡದೆ, ಎಕೋ ಮಾಡಿ ನೋಡುವುದು.

ಇಸಿಜಿ ಮಾಡಿದ್ರಲ್ಲ, ಸಾಲದಾ?

ಇಸಿಜಿ ನೋಡುವುದು ಹೃದಯದ ಕರೆಂಟನ್ನು. ಹಾರ್ಟ್ ಅಟ್ಯಾಕ್ ಹಿಡಿಯಲಿಕ್ಕೆ ಅದೇ ಮೊದಲ ಸಾಧನ. ನಮ್ಮ ಜಿಲ್ಲೆಯಲ್ಲಿ ಅದು ಹಳ್ಳಿಗೂ ತಲುಪಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರುಮಾಡಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಯೋಜನೆಯಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ರಿಪೋರ್ಟನ್ನು ವಾಟ್ಸಾಪ್ ಗ್ರೂಪಿನಲ್ಲಿ ತಜ್ಞರು ನೋಡುವ ವ್ಯವಸ್ಥೆ ಆಯಿತು. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದು. ಇಸಿಜಿಯ ಪಟ್ಟಿಯನ್ನು ಫೋಟೋ ತೆಗೆದು ಕಳಿಸಿದರೂ ಕೆಲಸ ನಡೆಯುತ್ತದೆ.

ಆದರೆ ಮೋಟರಿಗೆ ಕರೆಂಟ್ ಬರ್ತಾ ಉಂಟು ಅಂದ ಮಾತ್ರಕ್ಕೆ ನೀರು ಏರ್ತಾ ಉಂಟು ಅಂತ ಅರ್ಥ ಅಲ್ಲ. ಪಂಪು ನಿಜವಾಗಿ ಎಷ್ಟು ಎತ್ತುತ್ತಿದೆ ಅನ್ನುವುದನ್ನು ಕಣ್ಣಿಗೆ ಕಾಣಿಸುವುದು ಎಕೋ.

ಒಂದು ಪಿಂಗ್, ಒಂದು ಉತ್ತರ

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಕೋ ಅಂದರೆ ಪಿಂಗ್. ಎದೆಯ ಮೇಲೆ ಜೆಲ್ ಹಚ್ಚಿ ಇಡುವ ಪ್ರೋಬ್, ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ ಕಂಪನಗಳಿರುವ ಶಬ್ದ ಕಳಿಸುತ್ತದೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಸಾವಿರದವರೆಗೆ. ದೇಹದೊಳಗೆ ಆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಹೋಗುತ್ತದೆ. 15 ಸೆಂಟಿಮೀಟರ್ ಆಳದ ಗೋಡೆಗೆ ತಾಗಿ ವಾಪಸ್ ಬರಲಿಕ್ಕೆ ಸೆಕೆಂಡಿನ ಐದು ಸಾವಿರದ ಒಂದು ಭಾಗ ಸಾಕು. ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ದೂರ ಗೊತ್ತಾಗುತ್ತದೆ. ಹಾಗೆ ಸಾವಿರಾರು ಪಿಂಗ್ ಸೇರಿ ಬಡಿಯುವ ಹೃದಯದ ಚಿತ್ರ ಆಗುತ್ತದೆ. ಎಕ್ಸ್‌ರೇ ತರಹ ವಿಕಿರಣ ಇಲ್ಲ, ಸೂಜಿ ಇಲ್ಲ, ರೋಗಿಯನ್ನು ಹಾಸಿಗೆಯಿಂದ ಎತ್ತಬೇಕಾಗಿಯೂ ಇಲ್ಲ.

ಇದನ್ನು ಹೃದಯಕ್ಕೆ ಮೊದಲು ಹಿಡಿದವರು ಸ್ವೀಡನ್ನಿನ ಲುಂಡ್ ಎಂಬಲ್ಲಿನ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, 1953ರಲ್ಲಿ. ಅವರು ಬಳಸಿದ್ದು ಲೋಹದೊಳಗೆ ಬಿರುಕು ಹುಡುಕುವ ಯಂತ್ರ!

ಐಸಿಯುನಲ್ಲಿ ತುರ್ತಾಗಿ ಮಾಡುವಾಗ ಎಲ್ಲ ಅಳತೆ ತೆಗೆಯುವುದಿಲ್ಲ. ಕೆಲವೇ ನಿಮಿಷದಲ್ಲಿ ಕೆಲವೇ ಪ್ರಶ್ನೆ. ಎಡಕೋಣೆ ಸರಿಯಾಗಿ ಹಿಂಡುತ್ತಿದೆಯಾ? ಬಲಕೋಣೆ ಊದಿಕೊಂಡಿದೆಯಾ? ಊದಿದ್ದರೆ ಶ್ವಾಸಕೋಶದ ನಾಳ ಬ್ಲಾಕ್ ಆಗಿರುವ ಅನುಮಾನ. ಹೃದಯದ ಸುತ್ತಲಿನ ಚೀಲದಲ್ಲಿ ನೀರು ಅಥವಾ ರಕ್ತ ತುಂಬಿ ಹೃದಯವನ್ನು ಅದುಮುತ್ತಿದೆಯಾ? ಅಡಿಕೆ ಮರದಿಂದ ಬಿದ್ದವರನ್ನು, ರಸ್ತೆ ಅಪಘಾತದವರನ್ನು ತಂದಾಗಲೂ ಹೊಟ್ಟೆಯ ಜೊತೆಗೆ ಇದನ್ನು ನೋಡುತ್ತಾರೆ. ಕೊನೆಗೆ, ಹೃದಯಕ್ಕೆ ವಾಪಸ್ ರಕ್ತ ತರುವ ದೊಡ್ಡ ನಾಳ ಚಪ್ಪಟೆಯಾಗಿದೆಯಾ, ಉಬ್ಬಿದೆಯಾ?

ಇಂಜಿನಿಯರ್‌ಗಳಿಗೆ ಖುಷಿ ಕೊಡುವ ಒಂದು ಲೆಕ್ಕವೂ ಉಂಟು. ಹೃದಯದಿಂದ ಹೊರಗೆ ಹೋಗುವ ದಾರಿಯ ವ್ಯಾಸ 2 ಸೆಂ.ಮೀ. ಅಂತ ಇಟ್ಟುಕೊಳ್ಳಿ, ಆಗ ಅಡ್ಡಕೊಯ್ತದ ವಿಸ್ತೀರ್ಣ 3.14 ಚದರ ಸೆಂ.ಮೀ. ಒಂದು ಬಡಿತಕ್ಕೆ ರಕ್ತ ಅಲ್ಲಿ 20 ಸೆಂ.ಮೀ. ಮುಂದೆ ಹೋಗುತ್ತದೆ ಅಂತ ಡಾಪ್ಲರ್ ಹೇಳಿದರೆ, ಗುಣಿಸಿದಾಗ ಸುಮಾರು 63 ಮಿ.ಲೀ. ನಿಮಿಷಕ್ಕೆ 80 ಬಡಿತ ಅಂದರೆ 5 ಲೀಟರ್. ಈಗ ರೋಗಿಯ ಎರಡೂ ಕಾಲನ್ನು ಎತ್ತಿ ಹಿಡಿಯುತ್ತಾರೆ. ಕಾಲಿನ ರಕ್ತ ಹೃದಯದ ಕಡೆ ಇಳಿಯುತ್ತದೆ, ಹೊರಗಿನಿಂದ ಒಂದು ಹನಿಯೂ ಕೊಡದೆ ಡ್ರಿಪ್ಸ್ ಕೊಟ್ಟು ನೋಡಿದ ಹಾಗೆ. ಆಗ ಆ ಸಂಖ್ಯೆ ಶೇಕಡಾ 10-15ಕ್ಕಿಂತ ಹೆಚ್ಚು ಏರಿದರೆ ಡ್ರಿಪ್ಸ್‌ನಿಂದ ಉಪಯೋಗ ಆಗಬಹುದು. ಏರದಿದ್ದರೆ ಬೇರೆ ದಾರಿ ನೋಡಬೇಕು. ಸರಿ ಅನ್ನಿಸದಿದ್ದರೆ ಕಾಲು ಇಳಿಸಿದರೆ ಆಯಿತು!

ಫ್ಯಾಮಿಲಿ ಗ್ರೂಪಿನಲ್ಲಿ 'ಇಎಫ್ 35'

ರಿಪೋರ್ಟಿನಲ್ಲಿ ಎಲ್ಲರ ಕಣ್ಣು ಹೋಗುವುದು ಇಎಫ್ ಎಂಬ ಒಂದು ಸಂಖ್ಯೆಗೆ. ಎಡಕೋಣೆಯಲ್ಲಿ 100 ಮಿ.ಲೀ. ರಕ್ತ ತುಂಬಿ, ಒಂದು ಬಡಿತಕ್ಕೆ 60 ಹೊರಗೆ ಹೋದರೆ ಇಎಫ್ ಶೇ. 60. ಸಾಮಾನ್ಯವಾಗಿ 55ರಿಂದ 70ರ ಒಳಗೆ ಇದ್ದರೆ ಸರಿ. 35 ಅಂತ ಬಂದ ಕೂಡಲೇ ಫೋಟೋ ಫ್ಯಾಮಿಲಿ ಗ್ರೂಪಿಗೆ ಬೀಳುತ್ತದೆ. ದೊಡ್ಡಪ್ಪ ಒಬ್ಬರು "ಮೂರನೇ ಒಂದು ಭಾಗ ಮಾತ್ರ ಹಾರ್ಟ್ ಉಳಿದಿದೆ" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಅಲ್ಲಿಂದ "ಇನ್ನು ಮನೆಗೆ ಕರ್ಕೊಂಡು ಹೋಗುವುದಾ" ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸೆಪ್ಸಿಸ್‌ನಲ್ಲಿ ಕುಸಿದ ಹೃದಯದ ಬಲ, ರೋಗಿ ಚೇತರಿಸಿಕೊಂಡರೆ, ಅನೇಕರಲ್ಲಿ 7-10 ದಿನದಲ್ಲಿ ವಾಪಸ್ ಬರುತ್ತದೆ. ಇವತ್ತಿನ 35 ಇವತ್ತಿನ ಸ್ಥಿತಿ, ಆಯುಷ್ಯದ ಲೆಕ್ಕ ಅಲ್ಲ. ಇದರ ಉಲ್ಟಾ ಕೂಡ ನಿಜ. ರಕ್ತವೇ ಇಲ್ಲದೆ ಖಾಲಿಯಾದ ಹೃದಯ ಜೋರಾಗಿ ಹಿಂಡಿ ಇಎಫ್ 75 ತೋರಿಸಬಹುದು. ಸಂಖ್ಯೆ ಚಂದ ಉಂಟು, ರೋಗಿ ಮಾತ್ರ ಅಪಾಯದಲ್ಲಿ. ಹಾಗಾಗಿ ಐಸಿಯುನಲ್ಲಿ ಒಂದೇ ಎಕೋ ಅಲ್ಲ, ಔಷಧಿ ಕೊಟ್ಟ ಮೇಲೆ ಮತ್ತೊಮ್ಮೆ ನೋಡುವುದು. "ಮೊನ್ನೆ ತಾನೇ ಮಾಡಿದ್ರಲ್ಲ" ಅಂತ ಜಗಳಕ್ಕೆ ಹೋಗುವ ಮೊದಲು ಇದು ನೆನಪಿರಲಿ.

ಎಕೋಗೂ ಮಿತಿ ಉಂಟು. ಗಾಳಿ ಶಬ್ದವನ್ನು ತಡೆಯುತ್ತದೆ, ಹಾಗಾಗಿ ವೆಂಟಿಲೇಟರ್‌ನಲ್ಲಿ ಇರುವವರಲ್ಲಿ ಚಿತ್ರ ಮಸುಕಾಗಬಹುದು. ಆಗ ಅನ್ನನಾಳದ ಮೂಲಕ ಪ್ರೋಬ್ ಇಳಿಸಿ ನೋಡುವ ಎಕೋ ಬೇಕಾಗಬಹುದು. ಎಕೋ ನಾರ್ಮಲ್ ಬಂತು ಅಂದರೆ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇಲ್ಲ ಅಂತಲೂ ಅಲ್ಲ.

85 ಕಿಲೋಮೀಟರ್‌ನ ಪ್ರಶ್ನೆ

ಸುಳ್ಯದಲ್ಲಿ 2002ರಿಂದ ಕೆವಿಜಿ ಮೆಡಿಕಲ್ ಕಾಲೇಜು ಇದೆ, ಪುತ್ತೂರಿನಲ್ಲಿ ತಾಲೂಕು ಆಸ್ಪತ್ರೆ ಮತ್ತು ಖಾಸಗಿ ಆಸ್ಪತ್ರೆಗಳಿವೆ. ಪುತ್ತೂರು, ಸುಳ್ಯದ ಗ್ರಾಮಗಳನ್ನು ಸೇರಿಸಿ ಆದ ಹೊಸ ತಾಲೂಕು ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರ ಇದೆ. ಅದರಾಚೆ ಅಂದರೆ ಮಂಗಳೂರೇ. ಪುತ್ತೂರಿನಿಂದ ಸುಮಾರು 50 ಕಿ.ಮೀ., ಸುಳ್ಯದಿಂದ 85, ಸುಬ್ರಹ್ಮಣ್ಯದಿಂದ ನೂರಕ್ಕಿಂತ ಹೆಚ್ಚು. ಮಳೆಯಲ್ಲಿ ಆಂಬುಲೆನ್ಸ್ ಹೊರಡುವ ಮೊದಲು ಐದು ನಿಮಿಷದ ಎಕೋ ಆದರೆ, ಹೃದಯದ ಸುತ್ತಲಿನ ನೀರನ್ನು ಇಲ್ಲೇ ತೆಗೆದು ಕಳಿಸಬೇಕಾ, ದಾರಿಯಲ್ಲಿ ಯಾವ ಔಷಧಿ ಹರಿಯುತ್ತಿರಬೇಕು ಅನ್ನುವುದು ಗೊತ್ತಾಗುತ್ತದೆ.

ಈಗ ಫೋನಿಗೆ ಜೋಡಿಸುವ ಪ್ರೋಬ್‌ಗಳೂ ಬಂದಿವೆ. ಹಾಗಂತ ಕೊಂಡು ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಪ್ರಕಾರ ಸ್ಕ್ಯಾನಿಂಗ್ ಯಂತ್ರಗಳ ನೋಂದಣಿ ಕಡ್ಡಾಯ, ಪೋರ್ಟಬಲ್ ಯಂತ್ರಕ್ಕೆ ನಿಯಮ ಇನ್ನೂ ಬಿಗಿ. ಆ ಕಾನೂನಿಗೆ ಕಾರಣವೂ ಗಟ್ಟಿಯಾಗಿಯೇ ಇದೆ. ಅದೂ ಅಲ್ಲದೆ ಇಸಿಜಿಯ ಹಾಗೆ ಇದನ್ನು ಯಾರೋ ತೆಗೆದು ವಾಟ್ಸಾಪ್ ಮಾಡಿದರೆ ಆಗುವುದಿಲ್ಲ. ಪ್ರೋಬ್ ಸ್ವಲ್ಪ ಓರೆಯಾದರೂ ಚಿತ್ರ ಬದಲಾಗುತ್ತದೆ. ಯಂತ್ರಕ್ಕಿಂತ ಅದನ್ನು ಹಿಡಿಯಲು ಕಲಿತ ಕೈ ಮುಖ್ಯ. ಹಗಲು ಮಾತ್ರ ಅಲ್ಲ, ರಾತ್ರಿ ಎರಡು ಗಂಟೆಗೂ ಅಂಥ ಕೈ ತಾಲೂಕಿನಲ್ಲೇ ಸಿಗುವಂತಾಗಬೇಕು. ಊರಿಗೆ ಏನಾದರೂ ಮಾಡಬೇಕು ಅಂತ ಯೋಚಿಸುವವರು, ಜನಪ್ರತಿನಿಧಿಗಳ ಹತ್ತಿರ ಆಸ್ಪತ್ರೆಯ ಬಗ್ಗೆ ಮಾತಾಡುವವರು ಕಟ್ಟಡದ ಜೊತೆ ಇದನ್ನೂ ಕೇಳಬಹುದು.

ಮುಂದಿನ ಸಲ ಊರಿನಿಂದ ಫೋನ್ ಬಂದು "ಎಕೋ ಅಂತೆ" ಅಂದರೆ, ಐಸಿಯು ಡಾಕ್ಟರ ಹತ್ತಿರ ಈ ಮೂರು ಪ್ರಶ್ನೆ ಕೇಳಲಿಕ್ಕೆ ಹೇಳಿ. ಬಿಪಿ ಇಳಿದದ್ದು ನೀರು ಕಡಿಮೆ ಆಗಿಯಾ, ಹಾರ್ಟ್ ಸೋತಾ? ಎಕೋ ನೋಡಿದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಯಿತು? ಮತ್ತೆ ಯಾವಾಗ ನೋಡ್ತೀರಿ? ಉತ್ತರ ಬರುವ ತನಕ ಫ್ಯಾಮಿಲಿ ಗ್ರೂಪಿನಲ್ಲಿ ಇಎಫ್ ಹಾಕುವುದು ಬೇಡ.