ಮೂಲ ಲೆಕ್ಕ ಉಳಿದರೆ ಮುಂದಿನವರಿಗೆ ದಾರಿ

ಎಲೆಚುಕ್ಕಿ ರೋಗ ಕೆಲವು ವರ್ಷಗಳಿಂದ ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿರುವುದು ಸದಸ್ಯ ಬಾಂಧವರಿಗೆ ತಿಳಿದದ್ದೇ. ಈ ರೋಗಕ್ಕೂ ಮಳೆಯ ಹಂಚಿಕೆಗೂ ಇರುವ ಸಂಬಂಧವನ್ನು ಅಭ್ಯಾಸ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬರು ಕಳೆದ ಬೇಸಿಗೆಯಲ್ಲಿ ಸಂಘದ ಕಚೇರಿಗೆ ಬಂದು, ತೋಟಗಳ ಹಳೆಯ ಮಳೆ ಪುಸ್ತಕಗಳು ಸಿಗಬಹುದೇ ಎಂದು ಕೇಳಿದರು. ವಿಚಾರಿಸಿ ನೋಡಿದೆವು. ಕೆಲವು ಗೆದ್ದಲು ಹಿಡಿದಿದ್ದವು, ಕೆಲವು ಮನೆ ಹಿಸೆಯಾದಾಗ ಕಾಣೆಯಾಗಿದ್ದವು. ನಮ್ಮ ಮನೆಯ ಪುಸ್ತಕವೂ ಇದಕ್ಕೆ ಹೊರತಲ್ಲ. ದಿನವೂ ಬೆಳಿಗ್ಗೆ ಅಳೆದು ಬರೆದ ಲೆಕ್ಕ, ಬೇಕಾದ ದಿನ ಇಲ್ಲವಾಯಿತು.

ವಿಜ್ಞಾನಿಗಳ ಲೋಕದಲ್ಲಿಯೂ ಇದೇ ತೊಂದರೆ ಇದೆ. ಪ್ರಯೋಗದ ಫಲಿತಾಂಶ ಬೇರೆ, ಅದರ ಮೂಲ ಲೆಕ್ಕ ಬೇರೆ. ಇಂಥ ಗೊಬ್ಬರದಿಂದ ಇಳುವರಿ ಹೆಚ್ಚಿತು ಎಂಬುದು ಪ್ರಬಂಧದಲ್ಲಿ ಅಚ್ಚಾಗುತ್ತದೆ. ಯಾವ ಮಡಿಯಲ್ಲಿ, ಯಾವ ವರ್ಷ, ಎಷ್ಟು ನೆರಳಿನಲ್ಲಿ, ಯಾವ ಗಿಡ ಎಷ್ಟು ಕೊಟ್ಟಿತು ಎಂಬ ವಿವರ ಅವರ ಟಿಪ್ಪಣಿ ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಉಳಿದುಬಿಡುತ್ತದೆ. ಅವರು ವರ್ಗವಾದರೆ, ನಿವೃತ್ತರಾದರೆ, ಅದೂ ಹೋಯಿತು. ಸಸ್ಯ ಮತ್ತು ಪ್ರಾಣಿಗಳ ಅಳತೆಗೆ ಸಂಬಂಧಿಸಿದ, 1991ರಿಂದ 2011ರವರೆಗಿನ 516 ಪ್ರಬಂಧಗಳನ್ನು ಆಯ್ದು, ಅವುಗಳ ಮೂಲ ಅಂಕಿ-ಅಂಶಗಳನ್ನು ಬರೆದವರಿಂದಲೇ ಕೇಳಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಪ್ರಬಂಧಕ್ಕೆ ಒಂದೊಂದು ವರ್ಷ ವಯಸ್ಸಾದಂತೆ, ಅಂಕಿ-ಅಂಶ ಉಳಿದಿರುವ ಸಂಭವ ಶೇಕಡಾ 17ರಷ್ಟು ಕುಗ್ಗುತ್ತಾ ಹೋಗಿತ್ತು.

ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಒಳ್ಳೆಯ ನಿದರ್ಶನ. ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರರು ರಸಾಯನ ಶಾಸ್ತ್ರಜ್ಞ ಗಿಲ್ಬರ್ಟ್ ಅವರೊಡನೆ ಸೇರಿ 1843ರಲ್ಲಿ ತಮ್ಮ ಎಸ್ಟೇಟಿನ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿಯ ಗೊಬ್ಬರ ಪ್ರಯೋಗ ಆರಂಭಿಸಿದರು. ಅದು ಇಂದಿಗೂ ನಡೆಯುತ್ತಿದೆ. ಇಳುವರಿಯ ಲೆಕ್ಕವನ್ನಷ್ಟೇ ಅಲ್ಲದೆ, ಕಾಳು, ಹುಲ್ಲು, ಮಣ್ಣಿನ ಮಾದರಿಗಳನ್ನೂ ಅವರು ಚೀಟಿ ಅಂಟಿಸಿ ಎತ್ತಿಟ್ಟರು. ಅಲ್ಲಿನ ಉಗ್ರಾಣದಲ್ಲಿ ಈಗ ಸುಮಾರು 3 ಲಕ್ಷ ಮಾದರಿಗಳಿವೆ.

ರೊನಾಲ್ಡ್ ಫಿಷರ್ 1919ರಲ್ಲಿ ಅಲ್ಲಿಗೆ ಕೆಲಸಕ್ಕೆ ಬಂದದ್ದು ಈ ಹಳೆಯ ಲೆಕ್ಕಗಳನ್ನು ಪರಿಶೀಲಿಸುವುದಕ್ಕೆ. ಮಳೆಗೂ ಗೋಧಿಯ ಇಳುವರಿಗೂ ಇರುವ ಸಂಬಂಧವನ್ನು ಅವರು ಅದೇ ಪುಸ್ತಕಗಳಿಂದ ಹುಡುಕಿದರು. ಮಡಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಒಂದೇ ಪ್ರಯೋಗವನ್ನು ಹಲವು ಮಡಿಗಳಲ್ಲಿ ಪುನರಾವರ್ತಿಸುವ ಪದ್ಧತಿಯನ್ನೂ ಅಲ್ಲಿಯೇ ರೂಪಿಸಿದರು. ಇಂದು ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ತಳಿ ಪರೀಕ್ಷೆ ನಡೆಯುವುದು ಈ ಪದ್ಧತಿಯಿಂದಲೇ.

ಇನ್ನೊಂದು ಸಂಗತಿ ನಮ್ಮ ಇಂದಿನ ಚಿಂತೆಗೆ ಹತ್ತಿರದ್ದು. ಗೋಧಿಯ ಎಲೆಗೆ ಮಚ್ಚೆ ತರುವ ಎರಡು ಶಿಲೀಂಧ್ರಗಳಿವೆ. ಒಂದು ಕಾಲದಲ್ಲಿ ಒಂದರದು, ಇನ್ನೊಂದು ಕಾಲದಲ್ಲಿ ಮತ್ತೊಂದರದು ಮೇಲುಗೈ. 1844ರಿಂದ 2003ರವರೆಗಿನ ಹುಲ್ಲು, ಕಾಳಿನ ಮಾದರಿಗಳಲ್ಲಿ ಈ ಶಿಲೀಂಧ್ರಗಳ ಡಿಎನ್‌ಎಯನ್ನು ಅಳೆದ ವಿಜ್ಞಾನಿಗಳು 2005ರಲ್ಲಿ ಒಂದು ವಿಷಯ ಪ್ರಕಟಿಸಿದರು: ಈ ಏರಿಳಿತ ಗಾಳಿಯಲ್ಲಿದ್ದ ಗಂಧಕದ ಡೈ ಆಕ್ಸೈಡಿನ ಏರಿಳಿತದೊಂದಿಗೆ ಬಹುವಾಗಿ ಹೊಂದುತ್ತದೆ. 1844ರಲ್ಲಿ ಹುಲ್ಲು ಎತ್ತಿಟ್ಟವರಿಗೆ ಡಿಎನ್‌ಎ ಎಂಬ ಹೆಸರೇ ಗೊತ್ತಿರಲಿಲ್ಲ. ತಾವು ಕೇಳದ ಪ್ರಶ್ನೆಗೆ ಅವರು ಉತ್ತರ ಇಟ್ಟು ಹೋಗಿದ್ದರು.

ಆದರೆ ಇಟ್ಟರಷ್ಟೇ ಸಾಲದು, ಇನ್ನೊಬ್ಬರಿಗೆ ಅರ್ಥವಾಗುವಂತೆ ಇಡಬೇಕು. ಮಳೆ ಪುಸ್ತಕದಲ್ಲಿ ‘70’ ಎಂದಷ್ಟೇ ಇದ್ದರೆ ಏನೆಂದು ತಿಳಿಯಬೇಕು? ಸೆಂಟ್ ಆದರೆ ಅದು ಸುಮಾರು 18 ಮಿಲಿಮೀಟರ್, ಒಂದು ಹದವಾದ ಹೂಮಳೆ. ಮಿಲಿಮೀಟರ್ ಆದರೆ 2 ಇಂಚು 76 ಸೆಂಟ್, ಜಡಿಮಳೆಯೇ ಸರಿ. ಅಳತೆಯ ಮಾನ, ಅಳೆದ ವೇಳೆ, ಮಾಪಕ ಇದ್ದ ಜಾಗ ಇವನ್ನು ಮೊದಲ ಪುಟದಲ್ಲಿ ಬರೆಯದಿದ್ದರೆ ಇಡೀ ಪುಸ್ತಕ ನಿರುಪಯುಕ್ತ.

ಕೊಟ್ಟರೆ ಶ್ರಮಪಟ್ಟವರ ಹೆಸರು ಹೋಗುತ್ತದೆಂಬ ಅಂಜಿಕೆ ಸಹಜ. ಇದಕ್ಕೆ ವ್ಯವಸ್ಥೆಯಿದೆ. ಯುರೋಪಿನ ಸರ್ನ್ ಸಂಸ್ಥೆಯಲ್ಲಿ 2013ರಿಂದ ನಡೆಯುತ್ತಿರುವ ಜೆನೊಡೊದಂಥ ಭಂಡಾರಗಳಲ್ಲಿ ಅಂಕಿ-ಅಂಶಗಳನ್ನು ಉಚಿತವಾಗಿ ಇಡಬಹುದು. ಗೋದಾಮಿನಲ್ಲಿ ಮಾಲು ಇಟ್ಟವರಿಗೆ ರಸೀತಿ ಕೊಡುವಂತೆ, ಅಲ್ಲಿ ಪ್ರತಿಯೊಂದು ಕಡತಕ್ಕೂ ಶಾಶ್ವತ ಸಂಖ್ಯೆ ದೊರೆಯುತ್ತದೆ. ಬಳಸಿದವರು ಆ ಸಂಖ್ಯೆಯನ್ನೂ ಇಟ್ಟವರ ಹೆಸರನ್ನೂ ಕಾಣಿಸುವುದು ಪದ್ಧತಿ. ಭಾರತ ಸರ್ಕಾರವೂ ಸಾರ್ವಜನಿಕ ಹಣದಿಂದ ಸಂಗ್ರಹವಾದ ಅಂಕಿ-ಅಂಶಗಳನ್ನು ಹಂಚಿಕೊಳ್ಳುವ ರಾಷ್ಟ್ರೀಯ ನೀತಿಯನ್ನು 2012ರಲ್ಲಿ ಹೊರಡಿಸಿದೆ. ನಮ್ಮ ತೆರಿಗೆಯಿಂದ ನಡೆದ ಪ್ರಯೋಗದ ಮೂಲ ಲೆಕ್ಕ ಕೇಳುವುದು ಉಪಕಾರ ಬೇಡಿದಂತಲ್ಲ.

ಎಲ್ಲವನ್ನೂ ಬಯಲಿಗಿಡಬೇಕೆಂದು ನಾವು ಹೇಳುತ್ತಿಲ್ಲ. ಯಾರ ಮನೆಯಲ್ಲಿ ಎಷ್ಟು ಮಾಲು ಇದೆ, ಯಾರ ಸಾಲ ಎಷ್ಟು ಎಂಬುದು ಅವರವರ ಸ್ವಂತ ವಿಷಯ. ಮಳೆ, ಮಣ್ಣು, ರೋಗ ಕಂಡ ದಿನ, ಔಷಧಿ ಹೊಡೆದ ದಿನ ಇವು ಹಾಗಲ್ಲ. ರೋಗಕ್ಕೆ ಬೇಲಿಯಿಲ್ಲ, ಅದರ ಲೆಕ್ಕಕ್ಕೆ ಮಾತ್ರ ಬೇಲಿ ಹಾಕಿದರೆ ನಷ್ಟ ಎಲ್ಲರಿಗೂ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಹಳೆಯ ಮಳೆ ಪುಸ್ತಕಗಳಿದ್ದರೆ, ಹರಿದಿದ್ದರೂ ಸರಿ, ಕಚೇರಿಗೆ ತನ್ನಿ. ಪುಟಗಳ ಚಿತ್ರ ತೆಗೆದು ಪುಸ್ತಕವನ್ನು ಅಂದೇ ಹಿಂದಿರುಗಿಸುತ್ತೇವೆ. ತಮ್ಮ ಒಪ್ಪಿಗೆಯಿಲ್ಲದೆ ತೋಟದ ಹೆಸರನ್ನು ಹೊರಗೆ ಕೊಡುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು? ಗೆದ್ದಲಿಗಿಂತ ಮೊದಲು ನಾವು ಆ ಪುಟಗಳನ್ನು ತಲುಪೋಣ.