ಅಂಚೆಯಲ್ಲಿ ಬಂದ ಮೊಟ್ಟೆ ಮರಿಯಾದೀತೆ?

1913ರ ಜನವರಿ 1 ಅಮೆರಿಕದಲ್ಲಿ ಪಾರ್ಸೆಲ್ ಅಂಚೆ ಆರಂಭವಾದ ದಿನ. ಅಂದು ಸೇಂಟ್ ಲೂಯಿಸ್ ನಗರದಿಂದ ಎಡ್ವರ್ಡ್ಸ್‌ವಿಲ್ ಎಂಬ ಊರಿಗೆ ಆರು ಕೋಳಿಮೊಟ್ಟೆಗಳ ಪೊಟ್ಟಣವೊಂದು ಹೊರಟಿತು. ಏಳು ಗಂಟೆಗಳ ಬಳಿಕ ಆ ಮೊಟ್ಟೆಗಳು ಕೇಕಿನ ರೂಪ ತಾಳಿ ಅಂಚೆಯಲ್ಲೇ ವಾಪಸಾದವು! ತಿನ್ನುವ ಮೊಟ್ಟೆಯಾದರೆ ಒಡೆಯದೆ ತಲುಪಿದರೆ ಸಾಕು. ಆದರೆ ಮರಿ ಮಾಡಿಸಲೆಂದು ಕಳಿಸಿದ ಮೊಟ್ಟೆ? ಅದು ತನ್ನೊಳಗಿನ ಜೀವವನ್ನೂ ಉಳಿಸಿಕೊಂಡು ಬರಬೇಕು.

ಅಪರೂಪದ ತಳಿಯ ಕೋಳಿಗಳನ್ನು ಸಾಕುವವರು ಅಮೆರಿಕದಲ್ಲಿ ಇಂದಿಗೂ ಕಾವಿನ ಮೊಟ್ಟೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ. 1918ರಿಂದ ಅಲ್ಲಿನ ಅಂಚೆ ಆಗತಾನೆ ಹುಟ್ಟಿದ ಮರಿಗಳನ್ನೂ ಸಾಗಿಸುತ್ತಿದೆ. ಸ್ವಾರಸ್ಯವೆಂದರೆ, ಚೆನ್ನಾಗಿ ಕಟ್ಟಿ ಕಳಿಸಿದ ಮರಿಗಳು ಸಾಮಾನ್ಯವಾಗಿ ಚಿಲಿಪಿಲಿ ಎನ್ನುತ್ತಲೇ ತಲುಪುತ್ತವೆ. ಮೊಟ್ಟೆಗಳ ವಿಷಯದಲ್ಲಿ ಮಾತ್ರ ಆ ಭರವಸೆಯಿಲ್ಲ. ಗಟ್ಟಿ ಚಿಪ್ಪಿನೊಳಗಿರುವ ಜೀವಕ್ಕೆ ಪ್ರಯಾಣದಿಂದ ಆಗುವ ತೊಂದರೆಯಾದರೂ ಏನು?

ನಿದ್ದೆಯಲ್ಲಿರುವ ಜೀವ

ಹುಂಜದ ಜೊತೆಗಿರುವ ಹೇಂಟೆ ಇಡುವ ಮೊಟ್ಟೆಯಲ್ಲಿ ಮಾತ್ರ ಮರಿಯಾಗುವ ಜೀವಾಂಕುರ ಇರುತ್ತದೆ. ಅಂಗಡಿಯ ಫಾರಂ ಮೊಟ್ಟೆಗಳಲ್ಲಿ ಅದಿರುವುದಿಲ್ಲ. ಆ ಫಾರಂಗಳಲ್ಲಿ ಹುಂಜಗಳನ್ನೇ ಸಾಕುವುದಿಲ್ಲ. ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿರುವಾಗಲೇ ಸುಮಾರು ಒಂದು ದಿನ ಅಂಕುರ ಬೆಳೆಯುತ್ತದೆ. ಮೊಟ್ಟೆ ಹೊರಬರುವ ಹೊತ್ತಿಗೆ ಅದರಲ್ಲಿ ಸಾವಿರಾರು ಜೀವಕೋಶಗಳು ತಯಾರಾಗಿರುತ್ತವೆ. ಹೊರಗೆ ಬಂದು ತಣ್ಣಗಾದೊಡನೆ ಬೆಳವಣಿಗೆ ನಿಲ್ಲುತ್ತದೆ. ಜೀವ ಸಾಯುವುದಿಲ್ಲ, ಕಣಜದಲ್ಲಿಟ್ಟ ಬಿತ್ತನೆ ಬೀಜದಂತೆ ಕಾಯುತ್ತಿರುತ್ತದೆ.

ನಮ್ಮ ಹಿತ್ತಲಿನ ನಾಟಿ ಕೋಳಿಯನ್ನೇ ನೋಡಿ. ಹತ್ತು ಹನ್ನೆರಡು ದಿನ ಮೊಟ್ಟೆಯಿಟ್ಟು, ಆಮೇಲೆ ಕಾವಿಗೆ ಕೂರುತ್ತದೆ. ಮೊದಲ ಮೊಟ್ಟೆಗೂ ಕೊನೆಯ ಮೊಟ್ಟೆಗೂ ಅಷ್ಟು ದಿನಗಳ ಅಂತರವಿದ್ದರೂ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಹೊರಬರುತ್ತವೆ. ತಾಯಿಯ ಕಾವು ಸಿಕ್ಕ ದಿನವೇ ಎಲ್ಲವೂ ಒಟ್ಟಿಗೆ ಎಚ್ಚರಗೊಳ್ಳುವುದೇ ಇದಕ್ಕೆ ಕಾರಣ.

ಈ ನಿದ್ದೆಗೂ ಷರತ್ತುಗಳಿವೆ. ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. 12ರಿಂದ 18 ಡಿಗ್ರಿ ಇದ್ದರೆ ಉತ್ತಮ. ಫ್ರಿಜ್ಜಿನ ಚಳಿ ಆಗದು. ಒಂದು ವಾರ ಕಳೆದರೆ ಮರಿಯಾಗುವ ಶಕ್ತಿ ದಿನದಿನಕ್ಕೆ ಕುಗ್ಗುತ್ತದೆ. ಬಿಸಿಲಲ್ಲಿ ನಿಂತ ಲಾರಿಯೊಳಗೆ ಪೊಟ್ಟಣ ಸಿಕ್ಕಿಕೊಂಡಿತೆನ್ನಿ. 30 ಡಿಗ್ರಿ ದಾಟಿದ ಸೆಕೆಯಲ್ಲಿ ಅಂಕುರ ಅರೆ ಎಚ್ಚರಗೊಳ್ಳುತ್ತದೆ. ಸರಿಯಾಗಿ ಬೆಳೆಯಲು ಬೇಕಾದ ಕಾವೂ ಇಲ್ಲ, ನಿದ್ದೆಗೆ ಬೇಕಾದ ತಂಪೂ ಇಲ್ಲ. ಹೀಗಾದ ಅಂಕುರ ದುರ್ಬಲವಾಗಿ ಸಾಯುತ್ತದೆ. ಕಡುಬೇಸಿಗೆಯಲ್ಲಿ ಕೂಡಿಟ್ಟ ಮೊಟ್ಟೆಗಳು ನಮ್ಮ ಹಳ್ಳಿಗಳಲ್ಲೂ ಹೆಚ್ಚಾಗಿ ಕೆಡುವುದು ಹೀಗೆಯೇ.

ಮೊದಲ ಉಸಿರಿನ ಕೋಣೆ

ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುವಾಗ ಅಗಲವಾದ ತುದಿಯಲ್ಲಿ ಒಂದು ತಗ್ಗು ಕಾಣುತ್ತದಲ್ಲವೆ? ಅದು ಗಾಳಿಗೂಡು ಇದ್ದ ಜಾಗ. ಚಿಪ್ಪಿನ ಒಳಗೆ ಎರಡು ತೆಳುವಾದ ಪೊರೆಗಳಿವೆ. ಮೊಟ್ಟೆ ತಣ್ಣಗಾದಾಗ ಒಳಗಿನ ದ್ರವ ಕುಗ್ಗಿ, ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಬಂದು ಈ ಪೊರೆಗಳ ನಡುವೆ ಸೇರುತ್ತದೆ.

ಭ್ರೂಣ ಬಹುಕಾಲ ಉಸಿರಾಡುವುದು ಶ್ವಾಸಕೋಶದಿಂದಲ್ಲ, ಚಿಪ್ಪಿನ ಒಳಬದಿಗೆ ಹರಡಿಕೊಂಡ ರಕ್ತನಾಳಗಳ ಮೂಲಕ. ಹತ್ತೊಂಬತ್ತು ಇಪ್ಪತ್ತನೆಯ ದಿನದ ಹೊತ್ತಿಗೆ ಅಷ್ಟು ಆಮ್ಲಜನಕ ಅದಕ್ಕೆ ಸಾಲುವುದಿಲ್ಲ. ಆಗ ಮರಿ ಒಳಪೊರೆಯನ್ನು ಕೊಕ್ಕಿನಿಂದ ಹರಿದು ಗಾಳಿಗೂಡಿಗೆ ಮೂತಿ ಚಾಚುತ್ತದೆ. ಅದೇ ಅದರ ಮೊದಲ ಉಸಿರು! ಚಿಪ್ಪನ್ನು ಒಡೆಯುವುದು ಆಮೇಲೆ.

ಅಂಚೆ ಚೀಲಗಳನ್ನು ಎಸೆದಾಗ, ವಾಹನ ಕುಲುಕಿದಾಗ ಪೆಟ್ಟು ಬೀಳುವುದು ಈ ಕೋಣೆಗೇ. ಒಳಪೊರೆ ತನ್ನ ಜಾಗದಿಂದ ಸಡಿಲಗೊಂಡು, ಗಾಳಿಯ ಗುಳ್ಳೆ ಮೊಟ್ಟೆಯೊಳಗೆ ಅತ್ತಿತ್ತ ಓಡಾಡತೊಡಗುತ್ತದೆ. ಹೊರಗೆ ಚಿಪ್ಪಿನ ಮೇಲೆ ಒಂದು ಗೆರೆಯೂ ಕಾಣದು.

ಪೊಟ್ಟಣ ಬಿಚ್ಚಿದ ಮೇಲೆ

ಬಂದ ಮೊಟ್ಟೆಯನ್ನು ಅವಸರದಿಂದ ಕಾವಿಗಿಡಬಾರದು. ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿ, ಬಿರುಕು ಬಿಟ್ಟವನ್ನು ಬೇರ್ಪಡಿಸಬೇಕು. ತೊಳೆಯಬಾರದು, ರೋಗಾಣುಗಳನ್ನು ತಡೆಯುವ ಮೇಲಿನ ತೆಳು ಲೇಪ ಅಳಿಸಿಹೋಗುತ್ತದೆ. ಅಗಲ ತುದಿ ಮೇಲೆ ಬರುವಂತೆ ತಟ್ಟೆಯಲ್ಲಿ ನಿಲ್ಲಿಸಿ, 12ರಿಂದ 24 ಗಂಟೆ ತಂಪಾದ ಕೋಣೆಯಲ್ಲಿ ವಿಶ್ರಾಂತಿ ಕೊಡಬೇಕು.

ಬಳಿಕ ಇನ್‌ಕ್ಯುಬೇಟರ್ ಎಂಬ ಕಾವುಪೆಟ್ಟಿಗೆಯ ಸರದಿ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಉಷ್ಣತೆ, ಮೊದಲ 18 ದಿನ ಶೇ. 50ರ ಆಸುಪಾಸು ತೇವಾಂಶ ಬೇಕು. ದಿನಕ್ಕೆ ಕನಿಷ್ಠ ಮೂರು ಬಾರಿ ಮೊಟ್ಟೆಯನ್ನು ಹೊರಳಿಸಬೇಕು. ಇಲ್ಲವಾದರೆ ಭ್ರೂಣ ಪೊರೆಗೆ ಅಂಟಿಕೊಂಡೀತು. ತಾಯಿಕೋಳಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುವುದೂ ಇದಕ್ಕಾಗಿಯೇ. ಆದರೆ ಗಾಳಿಗೂಡು ಸಡಿಲಗೊಂಡ ಮೊಟ್ಟೆಗಳನ್ನು ನಿಲ್ಲಿಸಿದಂತೆಯೇ ಇಟ್ಟು, ಮೊದಲ ಕೆಲವು ದಿನ ಅಲುಗಿಸದೆ, ನಂತರ ಮೆಲ್ಲಗೆ ಓರೆ ಮಾಡುತ್ತ ಬರುವುದು ಅನುಭವಿಗಳ ಕ್ರಮ.

ಏಳನೆಯ ದಿನ ಬೆಳಕಿಗೆ ಹಿಡಿದರೆ ಜೇಡರ ಬಲೆಯಂಥ ಕೆಂಪು ನಾಳಗಳು ಕಾಣುತ್ತವೆ. ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇ. 65-70ಕ್ಕೆ ಏರಿಸಬೇಕು. ಮುಚ್ಚಳ ತೆರೆದು ಇಣುಕುವ ಆಸೆಯನ್ನು ಆಗ ಹತ್ತಿಕ್ಕಲೇಬೇಕು. ತೇವ ಆರಿದರೆ ಪೊರೆ ಒಣಗಿ ಮರಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಇಪ್ಪತ್ತೊಂದನೆಯ ದಿನ ಮರಿ ಹೊರಬರುತ್ತದೆ.

ಮರಿಯಾಗದ ಮೊಟ್ಟೆಯ ಪಾಠ

ಅಂಚೆಯಲ್ಲಿ ಬಂದವುಗಳಲ್ಲಿ ಅರ್ಧ ಮರಿಯಾದರೂ ಲಾಭವೇ ಎಂಬುದು ಅಲ್ಲಿನ ಸಾಕಣೆದಾರರ ಲೆಕ್ಕ. ಒಂದೂ ಆಗದಿರುವುದುಂಟು. ವಿದ್ಯಾರ್ಥಿಗಳಿಗೆ ನಿಜವಾದ ವಿಜ್ಞಾನ ಇರುವುದು ಇಲ್ಲಿಯೇ. ಉಳಿದ ಮೊಟ್ಟೆಗಳನ್ನು ತಿಪ್ಪೆಗೆ ಎಸೆಯುವ ಮೊದಲು, ದೊಡ್ಡವರ ಸಹಾಯದಿಂದ ಬಯಲಿನಲ್ಲಿ ಒಡೆದು ನೋಡಿ, ಪುಸ್ತಕದಲ್ಲಿ ಬರೆದಿಡಿ. ಒಳಗೆ ಏನೂ ಬೆಳೆದಿಲ್ಲವೆ? ಅದು ಬಹುಶಃ ಜೀವಾಂಕುರವಿಲ್ಲದ ಮೊಟ್ಟೆ. ಮೊದಲ ವಾರದಲ್ಲೇ ಸತ್ತಿದೆಯೆ? ಪ್ರಯಾಣದ ಸೆಕೆ, ಕುಲುಕಾಟ, ಇಲ್ಲವೇ ಹೆಚ್ಚು ದಿನ ಕೂಡಿಟ್ಟದ್ದು ಕಾರಣವಿರಬಹುದು. ಪೂರ್ತಿ ಬೆಳೆದು ಕೊನೆಯಲ್ಲಿ ಸತ್ತಿದ್ದರೆ ಗಾಳಿಗೂಡನ್ನೂ ನಮ್ಮ ಪೆಟ್ಟಿಗೆಯ ತೇವ, ಉಷ್ಣತೆಗಳನ್ನೂ ಸಂಶಯಿಸಬೇಕು. ಆಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮರೆಯದಿರಿ.

ತಾಯಿ ತಂದೆಯರಿಗೂ ಒಂದು ಮಾತು. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳೇ ಇರುತ್ತವೆ. ಅವುಗಳಿಗೆ ಗೂಡು, ಮೇವು, ನೆರೆಯವರ ಒಪ್ಪಿಗೆ ಇವೆಯೇ ಎಂದು ಮೊದಲೇ ಯೋಚಿಸಿ. ಇಲ್ಲವಾದರೆ ಮರಿಗಳನ್ನು ಒಯ್ದು ಸಾಕುವ ರೈತರೊಬ್ಬರನ್ನು ಗೊತ್ತುಮಾಡಿಕೊಂಡ ನಂತರವೇ ಮೊಟ್ಟೆ ತರಿಸುವುದು ಸರಿ. ಪ್ರಯೋಗ ಮುಗಿದರೂ ಜೀವ ಮುಗಿಯುವುದಿಲ್ಲವಷ್ಟೆ.

ಮರಿಗಳು ಅಂಚೆಯ ಪ್ರಯಾಣ ತಾಳಿಕೊಳ್ಳುವ ಗುಟ್ಟು ಹೇಳುವುದು ಉಳಿಯಿತು. ಹೊರಬರುವ ಮುನ್ನ ಮರಿ ಮೊಟ್ಟೆಯ ಹಳದಿ ಲೋಳೆಯಲ್ಲಿ ಉಳಿದದ್ದನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಿಂದ ಎರಡು ಮೂರು ದಿನ ಅನ್ನ ನೀರಿಲ್ಲದೆ ಇರಬಲ್ಲದು. ಮೊದಲ ಮರಿ ಹೊರಬಂದು, ಹಿಂದಿನವು ಇನ್ನೂ ಚಿಪ್ಪಿನಲ್ಲಿರುವಾಗ ತಾಯಿ ಗೂಡು ಬಿಟ್ಟು ಏಳದಿರಲೆಂದು ಪ್ರಕೃತಿ ಕಟ್ಟಿಕೊಟ್ಟ ಬುತ್ತಿ ಅದು. ಅಂಚೆಯವರು ಅದರ ಪ್ರಯೋಜನ ಪಡೆದರು, ಅಷ್ಟೆ.