ಸಾಲನ್‌ನಲ್ಲಿ ಕಾಣದ ಶೇಂಗಾ: ದಾವತ್ ಊಟಕ್ಕೆ ಮುನ್ನ ಕೇಳಿ

ಕಮಲಾಪುರದ ತಾಯಿಯೊಬ್ಬರು ಹತ್ತು ವರ್ಷದ ಮಗನೊಂದಿಗೆ ಕಲಬುರಗಿಯ ನನ್ನ ದವಾಖಾನೆಗೆ ಬಂದಿದ್ದರು. ಹುಡುಗನಿಗೆ ಶೇಂಗಾ ಆಗದು. ಅದಕ್ಕಾಗಿ ಮನೆಯಲ್ಲಿ ಶೇಂಗಾ ಹಿಂಡಿ ಮಾಡುವುದನ್ನೇ ಬಿಟ್ಟಿದ್ದರು. ಆದರೆ ನಗರದ ಶಾದಿಖಾನೆಯೊಂದರ ವಲೀಮಾದಲ್ಲಿ ಅವನು ಬಗಾರಾ ಅನ್ನದ ಜೊತೆ ಎರಡು ಚಮಚ ಮಿರ್ಚಿ ಸಾಲನ್ ತಿಂದ. ಕೆಲವೇ ನಿಮಿಷಗಳಲ್ಲಿ ತುಟಿ ಊದಿತು, ಮೈತುಂಬ ದದ್ದು ಎದ್ದವು, ಉಸಿರು ಕಟ್ಟತೊಡಗಿತು. ಆಸ್ಪತ್ರೆ ಹತ್ತಿರವಿದ್ದುದರಿಂದ ಮಗು ಉಳಿಯಿತು. “ಡಾಕ್ಟರ್ ಸಾಬ್, ಸಾಲನ್‌ನಲ್ಲಿ ಒಂದು ಶೇಂಗಾ ಕಾಳೂ ಕಾಣಲಿಲ್ಲವಲ್ಲ” ಎಂದರು ಆ ತಾಯಿ.

ಕಾಣದಿರುವುದೇ ಅಪಾಯ. ಮಿರ್ಚಿ ಸಾಲನ್, ಬಗಾರಾ ಬೈಂಗನ್‌ಗಳಿಗೆ ಶೇಂಗಾ, ಎಳ್ಳು, ಒಣಕೊಬ್ಬರಿ ಹುರಿದು ಅರೆದು ಹಾಕುತ್ತಾರೆ. ಕುರ್ಮಾದಲ್ಲಿ ಗೋಡಂಬಿ ಇರಬಹುದು. ಹಲೀಮ್‌ನಲ್ಲಿ ಗೋಧಿ ಇರುತ್ತದೆ. ಹುರಿದರೂ ಕುದಿಸಿದರೂ ಶೇಂಗಾ, ಎಳ್ಳಿನ ಅಲರ್ಜಿ ಗುಣ ಹೋಗುವುದಿಲ್ಲ. ಗಾಣದ ಎಣ್ಣೆಯಲ್ಲೂ ಅದು ಉಳಿದಿರುತ್ತದೆ. ಸಾಲನ್‌ನ ಸೌಟನ್ನು ದಾಲ್ಚಾಕ್ಕೆ ಅದ್ದಿದರೂ ಕೆಲವರಿಗೆ ಅಷ್ಟೇ ಸಾಕು.

ಪ್ಯಾಕೆಟ್ ತಿನಿಸಿನಲ್ಲಿ ಶೇಂಗಾ, ಗೋಡಂಬಿ, ಹಾಲು, ಮೊಟ್ಟೆ, ಮೀನು, ಸೋಯಾ ಮುಂತಾದವು ಇದ್ದರೆ ಅಲರ್ಜಿ ಸೂಚನೆ ಕೊಡಬೇಕೆಂದು ಎಫ್‌ಎಸ್‌ಎಸ್‌ಎಐನ 2020ರ ನಿಯಮ ಹೇಳುತ್ತದೆ. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ತಹಾರಿ ಅಂಗಡಿಗೂ ಶಾದಿಖಾನೆಯ ದೇಗಿಗೂ ಯಾವ ಚೀಟಿಯೂ ಇರುವುದಿಲ್ಲ.

ಎಳ್ಳನ್ನು ಹಗುರವಾಗಿ ಕಾಣಬೇಡಿ. 2016ರಲ್ಲಿ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ ತಿನಿಸು ತಿಂದು ನತಾಶಾ ಎಂಬ 15 ವರ್ಷದ ಹುಡುಗಿ ತೀರಿಕೊಂಡಳು. ಹಿಟ್ಟಿನಲ್ಲಿ ಎಳ್ಳು ಸೇರಿತ್ತು, ಪೊಟ್ಟಣದ ಮೇಲೆ ಬರೆದಿರಲಿಲ್ಲ. ಅಂಗಡಿಯಲ್ಲೇ ಕಟ್ಟಿಡುವ ತಿನಿಸುಗಳ ಮೇಲೂ ಎಲ್ಲ ಪದಾರ್ಥಗಳನ್ನು ಬರೆಯಬೇಕೆಂಬ ಕಾನೂನು 2021ರಲ್ಲಿ ಅಲ್ಲಿ ಜಾರಿಗೆ ಬಂತು. ನಮ್ಮಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು.

ಬಡಿಸುವ ಹುಡುಗರನ್ನಲ್ಲ, ಬಾವರ್ಚಿಯನ್ನೇ ಕೇಳಿ: “ಭಾಯ್, ಮಸಾಲೆಗೆ ಏನೇನು ಅರೆದಿದ್ದೀರಿ? ಎಣ್ಣೆ ಯಾವುದು?” ಖಚಿತ ಉತ್ತರ ಸಿಗದಿದ್ದರೆ ಮಗುವಿಗೆ ಮನೆಯ ಡಬ್ಬಿಯೇ ಇರಲಿ. ಆತಿಥೇಯರೂ “ಒಂದು ತುತ್ತಿನಿಂದ ಏನಾಗುತ್ತೆ” ಎಂದು ಒತ್ತಾಯಿಸಬಾರದು. ಇಲ್ಲಿ ಬೇಡವೆನ್ನುವುದು ದಾವತ್‌ಗೆ ಮಾಡುವ ಅವಮಾನವಲ್ಲ. ಜೀವ ನಮಗೆ ಸಿಕ್ಕ ಅಮಾನತ್.

ಯುನಾನಿ ವೈದ್ಯನಾಗಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಪರ್ಹೇಜ್ ನಮ್ಮ ಪದ್ಧತಿಯ ಮುಖ್ಯ ಪಾಠ. ಆದರೆ ಊಟದ ನಂತರ ಗಂಟಲು ಬಿಗಿದು, ಉಸಿರು ಕಟ್ಟಿ, ತಲೆ ಸುತ್ತಿದರೆ ಜೋಶಾಂದಾ, ಮಾಜೂನ್, ಮನೆಮದ್ದು ಯಾವುದೂ ಕೆಲಸಕ್ಕೆ ಬಾರದು. ಸಿಟ್ರಿಜಿನ್ ಮಾತ್ರೆ ತುರಿಕೆ ಇಳಿಸಬಹುದು, ಜೀವ ಉಳಿಸಲಾರದು. ಆಗ ಬೇಕಾದದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್.

ತಕ್ಷಣ 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ, ನಡೆಸಬೇಡಿ. ಕಮಲಾಪುರದಲ್ಲಿ ಹೀಗಾದರೆ ನೇರವಾಗಿ ಕಲಬುರಗಿಗೆ ಹೊರಡಬೇಡಿ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಗಲಿ. ಆರಾಮ ಎನಿಸಿದರೂ ಕೆಲವು ಗಂಟೆ ಅಲ್ಲೇ ಇರಿ, ತೊಂದರೆ ಮರುಕಳಿಸಬಹುದು. ನಂತರ ಅಲರ್ಜಿ ತಜ್ಞರನ್ನು ಕಾಣಿ.

ಆ ತಾಯಿಗೂ ಇದನ್ನೇ ಬರೆದುಕೊಟ್ಟೆ. ಚೀಟಿಯ ಮೊದಲ ಸಾಲು: “ಕೇಳದೆ ತಿನ್ನಿಸಬೇಡಿ.”